ಸಕ್ಕರೆಯ ಬಾವುಟ

ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದ ಹುಡುಗಿಯ ತಟ್ಟೆಯಿಂದ ಸಕ್ಕರೆ ಅಚ್ಚೊಂದನ್ನು ಎತ್ತಿಕೊಂಡ ಮಗು ಮೊದಲು ಮಾಡುವ ಕೆಲಸವೇನು? ಗಿಣಿಯಾದರೆ ಅದರ ಕೊಕ್ಕನ್ನು ಕಡಿಯುತ್ತದೆ. ಆನೆಯಾದರೆ ಸೊಂಡಿಲನ್ನು ಮುರಿಯುತ್ತದೆ. ತುಳಸಿಯ ಬೃಂದಾವನವೋ ದೇಗುಲದ ಗೋಪುರವೋ ಕೈಗೆ ಬಂದರೂ ಅದರ ನಡತೆಯಲ್ಲಿ ವ್ಯತ್ಯಾಸವೇನೂ ಇರುವುದಿಲ್ಲ. ಬೃಂದಾವನಕ್ಕೆ ನಿತ್ಯವೂ ಪ್ರದಕ್ಷಿಣೆ ಬರುವ ಮಡಿವಂತ ಅಜ್ಜಿಯೇ ಪಕ್ಕದಲ್ಲಿ ಕುಳಿತಿದ್ದರೂ, ದೇವರಿಗೆ ಅಪಚಾರವಾಯಿತೆಂದು ಮಗುವಿನ ಕೈ ಹಿಡಿಯುವುದಿಲ್ಲ. ಸಕ್ಕರೆಯ ಗುಡಿ ತಿನ್ನುವುದಕ್ಕೇ ಇರುವುದು ಎಂಬ ಮಾತು ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆದರೆ ಗುಡಿಯ ಬದಲು ರಾಷ್ಟ್ರಧ್ವಜವೇ ಸಕ್ಕರೆಯಲ್ಲಿ ಮೂಡಿದರೆ? ಆಗಸ್ಟ್ 15, ಜನವರಿ 26 ಹತ್ತಿರ ಬಂದವೆಂದರೆ ಬೇಕರಿಯವರು ಕೇಸರಿ, ಬಿಳಿ, ಹಸಿರು ಬಣ್ಣಗಳ ಕೇಕುಗಳನ್ನು ಮಾಡುವುದುಂಟು. ಕೆಲವರು ಕೇಕಿನ ನೆತ್ತಿಯ ಮೇಲೆ ಫಾಂಡೆಂಟ್ ಎಂಬ ಸಕ್ಕರೆಯ ಕಣಕದಿಂದ ಪುಟ್ಟ ಬಾವುಟವನ್ನು ಮಾಡಿ ನಿಲ್ಲಿಸುತ್ತಾರೆ. ಅದನ್ನು ಕತ್ತರಿಸುವ ಚಾಕು ಯಾರ ಕೈಗೆ ಬರುತ್ತದೆಯೋ ಅವರ ಮನಸ್ಸಿನಲ್ಲಿ ಒಂದು ಕ್ಷಣವಾದರೂ ಅಳುಕು ಹುಟ್ಟದೆ ಇರದು.

ಆ ಅಳುಕು ಒಮ್ಮೆ ನ್ಯಾಯಾಲಯದವರೆಗೂ ಹೋಯಿತು. 2013ರ ಕ್ರಿಸ್‌ಮಸ್ ದಿನ ಕೊಯಮತ್ತೂರಿನ ಸಮಾರಂಭವೊಂದರಲ್ಲಿ ಆರು ಅಡಿ ಉದ್ದ, ಐದು ಅಡಿ ಅಗಲದ ಕೇಕನ್ನು ಕತ್ತರಿಸಿ ಹಂಚಿದರು. ಅದರ ಮೇಲೆ ಭಾರತದ ಭೂಪಟ ತ್ರಿವರ್ಣದಲ್ಲಿತ್ತು, ನಡುವೆ ಅಶೋಕಚಕ್ರವಿತ್ತು. ಸುಮಾರು 2500 ಮಂದಿ ಸೇರಿದ್ದರು. ಜಿಲ್ಲಾಧಿಕಾರಿಗಳೂ ಪೋಲೀಸ್ ಅಧಿಕಾರಿಗಳೂ ಮತಾಚಾರ್ಯರೂ ಇದ್ದರು. ಇದು ರಾಷ್ಟ್ರಧ್ವಜಕ್ಕೆ ಮಾಡಿದ ಅವಮಾನವೆಂದು ಒಬ್ಬರು ದೂರು ಕೊಟ್ಟರು, ಮೊಕದ್ದಮೆ ಬೆಳೆಯಿತು.

ದೂರು ಕೊಟ್ಟವರಿಗೆ ಕಾನೂನಿನ ಆಧಾರವಿರಲಿಲ್ಲ ಎನ್ನುವಂತಿಲ್ಲ. 1971ರಲ್ಲಿ ಆದ, ರಾಷ್ಟ್ರೀಯ ಗೌರವಕ್ಕೆ ಅವಮಾನವಾಗುವುದನ್ನು ತಡೆಯುವ ಅಧಿನಿಯಮವು ಬಹಿರಂಗವಾಗಿ ಧ್ವಜವನ್ನು ಸುಡುವುದು, ವಿರೂಪಗೊಳಿಸುವುದು, ನಾಶಮಾಡುವುದು, ತುಳಿಯುವುದು ಇವೆಲ್ಲಕ್ಕೂ ಮೂರು ವರ್ಷಗಳವರೆಗೆ ಸೆರೆಮನೆವಾಸವನ್ನು ವಿಧಿಸುತ್ತದೆ. ಧ್ವಜವೆಂದರೆ ಏನು ಎಂಬುದನ್ನೂ ಅದು ಬಿಡಿಸಿ ಹೇಳಿದೆ: ಬಟ್ಟೆಯದು ಮಾತ್ರವಲ್ಲ, ಯಾವುದೇ ವಸ್ತುವಿನಿಂದ ಮಾಡಿದ ಧ್ವಜದ ರೂಪವೂ ಧ್ವಜವೇ. ಯಾವುದೇ ವಸ್ತುವೆಂದ ಮೇಲೆ ಸಕ್ಕರೆಯೂ ಒಂದು ವಸ್ತುವೇ ಅಲ್ಲವೇ?

ನ್ಯಾಯಾಲಯ ಏನು ಹೇಳಿತೆಂಬುದನ್ನು ಕಡೆಯಲ್ಲಿ ನೋಡೋಣ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ. ಲಾಂಛನಗಳನ್ನು ಸಕ್ಕರೆಯಲ್ಲಿ ಮಾಡಿ, ಅತಿಥಿಗಳಿಗೆ ತೋರಿಸಿ, ಆಮೇಲೆ ಮುರಿದು ತಿನ್ನುವ ಈ ವಿಚಿತ್ರ ಪದ್ಧತಿ ಎಲ್ಲಿಂದ ಬಂತು? ತಿಂದವರು ಅದನ್ನು ಏನೆಂದು ಭಾವಿಸಿದ್ದರು?

ಶರ್ಕರೆಯ ಪಯಣ

ಬಾವುಟಕ್ಕಿಂತ ಮೊದಲು ಸಕ್ಕರೆ. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ನಮ್ಮ ದೇಶದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಅದರ ಬಗೆಗಳನ್ನು ಎಣಿಸಿದೆ. ಕ್ರಿ. ಶ. 647ರಲ್ಲಿ ಚೀಣಾದ ಚಕ್ರವರ್ತಿ ತೈತ್ಸುಂಗನು ಸಕ್ಕರೆ ಮಾಡುವುದನ್ನು ಕಲಿತು ಬರುವುದಕ್ಕೆಂದು ಮಗಧಕ್ಕೆ ಜನರನ್ನು ಕಳುಹಿಸಿದನು. ಪಶ್ಚಿಮಕ್ಕೆ ಹೋದ ಶರ್ಕರೆ ಅರಬರ ಬಾಯಲ್ಲಿ ಸುಕ್ಕರ್ ಆಗಿ, ಇಟಲಿಯಲ್ಲಿ ಜುಕ್ಕೆರೊ ಆಗಿ, ಇಂಗ್ಲೆಂಡಿನಲ್ಲಿ ಶುಗರ್ ಆಯಿತು. ನಮ್ಮ ಖಂಡವೇ ಅವರ ಕ್ಯಾಂಡಿ.

ಪದದೊಂದಿಗೆ ಪದಾರ್ಥವೂ, ಪದಾರ್ಥದೊಂದಿಗೆ ವೈಭವವೂ ಹೋಯಿತು. 1040ರ ದಶಕದಲ್ಲಿ ಈಜಿಪ್ಟಿಗೆ ಹೋಗಿದ್ದ ಪರ್ಷಿಯದ ಪ್ರವಾಸಿ ನಾಸಿರ್ ಖುಸ್ರೋ ಕೈರೋ ನಗರದಲ್ಲಿ ಸುಲ್ತಾನನ ಹಬ್ಬದ ಔತಣಕ್ಕೆ ಸಿದ್ಧವಾಗಿದ್ದ ಮೇಜನ್ನು ಕಂಡನು. ಅಲ್ಲಿ ಕಿತ್ತಳೆಯ ಮರವೊಂದು ನಿಂತಿತ್ತು; ಕೊಂಬೆ, ಎಲೆ, ಹಣ್ಣು ಎಲ್ಲವೂ ಸಕ್ಕರೆ. ಸುತ್ತಲೂ ಸಕ್ಕರೆಯ ಸಾವಿರಾರು ಗೊಂಬೆಗಳು. ಆ ಒಂದು ದಿನಕ್ಕೆ ಐವತ್ತು ಸಾವಿರ ಮಣ ಸಕ್ಕರೆಯನ್ನು ತೆಗೆದಿರಿಸಿದ್ದರೆಂದು ಅವನಿಗೆ ಹೇಳಿದರು. ಲೆಕ್ಕದಲ್ಲಿ ಅತಿಶಯೋಕ್ತಿ ಇದ್ದರೂ ಇರಲಿ. ಸಕ್ಕರೆ ಆಗಲೇ ನಾಲಗೆಯನ್ನು ಬಿಟ್ಟು ಕಣ್ಣಿಗೆ ಏರಿತ್ತು ಎಂಬುದಂತೂ ನಿಜ.

ಆ ಕಾಲಕ್ಕೆ ಇಂಗ್ಲೆಂಡು ಸಕ್ಕರೆಯ ಬಡರಾಷ್ಟ್ರ. 1226ರಲ್ಲಿ ಮೂರನೆಯ ಹೆನ್ರಿ ದೊರೆ ವಿಂಚೆಸ್ಟರಿನ ಪುರಾಧ್ಯಕ್ಷನಿಗೆ, ಜಾತ್ರೆಗೆ ಬರುವ ವರ್ತಕರಲ್ಲಿ ಅಷ್ಟೊಂದು ಸಿಕ್ಕುವುದಾದರೆ ಮೂರು ಪೌಂಡು ಅಲೆಕ್ಸಾಂಡ್ರಿಯದ ಸಕ್ಕರೆಯನ್ನು ಕೊಂಡು ಕಳುಹಿಸಬೇಕೆಂದು ಬರೆದನು. ರಾಜನೇ ಮೂರು ಪೌಂಡಿಗೆ ಹೀಗೆ ಕೇಳಿಕೊಂಡ ನಾಡಿನಲ್ಲಿ, ಸಕ್ಕರೆಯಿಂದ ಗೊಂಬೆ ಮಾಡಿ ಮೇಜಿನ ಮೇಲೆ ಇಡುವುದೆಂದರೆ ಅದು ಸಂಪತ್ತಿನ ಡಂಗುರ. ಇಂಥ ಗೊಂಬೆಗಳಿಗೆ ಅಲ್ಲಿ ಸಟಲ್ಟಿ ಎಂದು ಹೆಸರು. ಸಕ್ಕರೆ, ಬಾದಾಮಿಯ ಹಿಟ್ಟು, ಮೇಣ, ಕಾಗದ ಇವುಗಳನ್ನು ಕೂಡಿಸಿ ಮಾಡಿದ ಈ ಬೊಂಬೆಮನೆಗಳನ್ನು ಊಟದ ಒಂದೊಂದು ಸುತ್ತಿನ ಕೊನೆಗೂ ಹೊತ್ತು ತರುತ್ತಿದ್ದರು.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುವು 1429ರ ನವೆಂಬರಿನಲ್ಲಿ ಆರನೆಯ ಹೆನ್ರಿಯ ಪಟ್ಟಾಭಿಷೇಕದ ಔತಣಕ್ಕೆ ಮಾಡಿದವು. ರಾಜನಿಗೆ ಆಗಿನ್ನೂ ಎಂಟು ತುಂಬಿರಲಿಲ್ಲ. ತಂದೆ ಬಿಟ್ಟುಹೋದದ್ದು ಎರಡು ಕಿರೀಟ: ಇಂಗ್ಲೆಂಡಿನದು ತಲೆಯ ಮೇಲಿತ್ತು, ಫ್ರಾನ್ಸಿನದಕ್ಕೆ ಯುದ್ಧ ನಡೆಯುತ್ತಿತ್ತು. ಮೊದಲ ಸುತ್ತಿನ ಕೊನೆಗೆ ಬಂದ ಸಟಲ್ಟಿಯಲ್ಲಿ ಇಂಗ್ಲೆಂಡಿನ ಸಂತ ಎಡ್ವರ್ಡ್ ಒಂದು ಕಡೆ, ಫ್ರಾನ್ಸಿನ ಸಂತ ಲೂಯಿ ಇನ್ನೊಂದು ಕಡೆ, ತಮ್ಮ ತಮ್ಮ ಲಾಂಛನಗಳ ಅಂಗಿ ತೊಟ್ಟು, ನಡುವೆ ಬಾಲಕ ರಾಜನನ್ನು ಹಿಡಿದು ನಿಂತಿದ್ದರು. ಜೊತೆಗೆ ವಿವರಣೆಯ ಪದ್ಯ. ಬರೆದವನು ಕವಿ ಲಿಡ್ಗೇಟ್. ಎರಡು ನಾಡುಗಳೂ ಈ ಮಗುವಿನವೇ ಎಂಬ ರಾಜಕೀಯ ವಾದವನ್ನು ಅತಿಥಿಗಳು ಕಣ್ಣಿನಿಂದ ಓದಬೇಕಾಗಿತ್ತು. ಸಟಲ್ಟಿ ಈ ವಾದವನ್ನು ಸುಲಭವಾಗಿ ಒಪ್ಪಿಕೊಂಡಿತು. ಫ್ರಾನ್ಸಿನ ಜನ ಒಪ್ಪಲಿಲ್ಲ. 1453ರ ಹೊತ್ತಿಗೆ ಕ್ಯಾಲೆ ಪಟ್ಟಣವೊಂದನ್ನು ಬಿಟ್ಟು ಆ ನಾಡೆಲ್ಲ ಇಂಗ್ಲಿಷರ ಕೈತಪ್ಪಿ ಹೋಗಿತ್ತು.

ಅಂಟಿನ ಗುಟ್ಟು

ಬರಿಯ ಸಕ್ಕರೆಯಿಂದ ಬಾವುಟ ಮಾಡಲು ಬಾರದು. ಪಾಕ ಹೊಯ್ದರೆ ಗಾಜಿನಂತೆ ಒಡೆಯುತ್ತದೆ; ಪುಡಿ ಕಲಸಿದರೆ ಉದುರುತ್ತದೆ. ತೆಳ್ಳಗೆ ಲಟ್ಟಿಸಬೇಕು, ಗಾಳಿಗೆ ಬಳುಕಿದಂತೆ ಬಾಗಿಸಬೇಕು, ಒಣಗಿದ ಮೇಲೆ ಹಾಗೆಯೇ ನಿಲ್ಲಬೇಕು ಎಂದರೆ ಅದಕ್ಕೆ ಬಂಧಕವೊಂದು ಬೇಕು. ಇರಾನ್, ತುರ್ಕಿಗಳ ಬೆಟ್ಟದ ಮುಳ್ಳುಗಿಡಗಳಿಂದ ಒಸರುವ ಟ್ರಗಕಾಂತ್ ಎಂಬ ಅಂಟು ಈ ಕೆಲಸಕ್ಕೆ ಒದಗಿತು. ಅದನ್ನು ಪನ್ನೀರಿನಲ್ಲಿ ನೆನೆಸಿ, ನುಣ್ಣಗೆ ಜರಡಿ ಹಿಡಿದ ಸಕ್ಕರೆಯೊಂದಿಗೆ ನಾದಿದರೆ ಚಪಾತಿಯ ಕಣಕದಂಥ ಮುದ್ದೆಯಾಗುತ್ತದೆ. ಒಣಗಿದರೆ ಪಿಂಗಾಣಿಯಂತೆ ಗಟ್ಟಿಯಾಗುತ್ತದೆ.

1555ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ, ಅಲೆಸ್ಸಿಯೊ ಪಿಯೆಮಾಂಟೆಸೆ ಎಂಬ ಹೆಸರಿನ ರಹಸ್ಯಗಳ ಪುಸ್ತಕದಲ್ಲಿ ಈ ಕಣಕದ ವಿಧಾನವಿದೆ. ಅದರಿಂದ ಹಣ್ಣುಗಳನ್ನೂ ತಟ್ಟೆ ಬಟ್ಟಲುಗಳನ್ನೂ ಮಾಡಿ ಬಡಿಸಬಹುದು, ಊಟವಾದ ಮೇಲೆ ಅವುಗಳನ್ನೇ ತಿನ್ನಬಹುದು ಎಂದು ಗ್ರಂಥಕರ್ತ ಹೇಳುತ್ತಾನೆ. ಮೂರೇ ವರ್ಷಗಳಲ್ಲಿ ಪುಸ್ತಕ ಇಂಗ್ಲಿಷಿಗೂ ಬಂತು. 1574ರಲ್ಲಿ ಫ್ರಾನ್ಸಿನ ಸಿಂಹಾಸನವೇರಲು ಹೊರಟಿದ್ದ ಮೂರನೆಯ ಹೆನ್ರಿ ವೆನಿಸ್ಸಿನಲ್ಲಿ ತಂಗಿದಾಗ ನಡೆದ ಪ್ರಸಂಗ ಪ್ರಸಿದ್ಧವಾದದ್ದು: ಮೇಜಿನ ಮೇಲಿದ್ದ ಕೈವಸ್ತ್ರವನ್ನು ಎತ್ತಿಕೊಂಡರೆ ಅದು ರಾಜನ ಕೈಯಲ್ಲಿ ಪುಡಿಯಾಯಿತಂತೆ. ಅದೂ ಸಕ್ಕರೆಯೇ! ರಾಜ ಬೆಪ್ಪಾದ; ಸುತ್ತಲಿದ್ದವರು ನಕ್ಕರು. ಮುರಿದದ್ದರಿಂದ ಯಾರ ಮಾನವೂ ಹೋಗಲಿಲ್ಲ. ಮುರಿಯಲೆಂದೇ ಅದನ್ನು ಅಲ್ಲಿ ಮಡಿಸಿ ಇಟ್ಟಿದ್ದರು.

ಇಂಗ್ಲೆಂಡಿನ ರಾಬರ್ಟ್ ಮೇ ಎಂಬ ಪಾಕಪ್ರವೀಣನ ಗ್ರಂಥ ಅಚ್ಚಾದದ್ದು 1660ರಲ್ಲಿ, ಅಂತರ್ಯುದ್ಧ ಮುಗಿದು ರಾಜತ್ವ ಮರಳಿ ಬಂದ ವರ್ಷ. ಹಿಂದಿನ ಶ್ರೀಮಂತರ ಮನೆಗಳ ಔತಣವನ್ನು ನೆನೆದು ಅವನು ವರ್ಣಿಸುವ ಒಂದು ನೋಟದಲ್ಲಿ ಬಾವುಟಗಳೂ ಬರುತ್ತವೆ. ರಟ್ಟಿನ ಹಡಗು, ಅದಕ್ಕೆ ಧ್ವಜ ಪತಾಕೆಗಳು, ನಿಜವಾದ ಮದ್ದು ತುಂಬಿದ ಪುಟ್ಟ ತೋಪುಗಳು. ಎದುರಿಗೆ ಕೋಟೆ. ಹಡಗೂ ಕೋಟೆಯೂ ಗುಂಡು ಹಾರಿಸುತ್ತವೆ. ಮದ್ದಿನ ನಾತ ಹೋಗಲೆಂದು ಹೆಂಗಸರು ಪನ್ನೀರು ತುಂಬಿದ ಮೊಟ್ಟೆಯ ಚಿಪ್ಪುಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಧ್ವಜಕ್ಕಾಗಿ ನಿಜವಾಗಿಯೂ ತಲೆಗಳುರುಳಿದ ಹತ್ತು ಹದಿನೈದು ವರ್ಷಗಳಲ್ಲೇ ಮೇಜಿನ ಮೇಲಿನ ಧ್ವಜದ ಆಟವನ್ನು ಒಬ್ಬ ಅಡಿಗೆಯವನು ಹಂಬಲದಿಂದ ನೆನೆಯುತ್ತಾನೆ. ಯುದ್ಧವನ್ನು ಆಟವಾಗಿಸಿ ಜೀರ್ಣಿಸಿಕೊಳ್ಳುವುದೂ ಔತಣದ ಒಂದು ಉಪಯೋಗವಾಗಿತ್ತೇನೋ!

ಸಿಹಿಯ ಹಿಂದಿನ ಕಹಿ

ಇಷ್ಟರವರೆಗೆ ಕತೆ ಸಿಹಿಯಾಗಿದೆ. ಮುಂದಿನದು ಹಾಗಿಲ್ಲ. ಮೂರು ಪೌಂಡಿಗೆ ಪರದಾಡಿದ ದೇಶದಲ್ಲಿ 1700ರ ಸುಮಾರಿಗೆ ತಲೆಯೊಂದಕ್ಕೆ ವರ್ಷಕ್ಕೆ ನಾಲ್ಕು ಪೌಂಡು, 1800ರ ಹೊತ್ತಿಗೆ ಹದಿನೆಂಟು ಪೌಂಡು ಸಕ್ಕರೆ ಖರ್ಚಾಗತೊಡಗಿತು. ಇದು ಬಂದದ್ದು ಕೆರಿಬಿಯನ್ ಸಮುದ್ರದ ದ್ವೀಪಗಳಿಂದ. ಬೆಳೆದವರು ಆಫ್ರಿಕದಿಂದ ಸಂಕೋಲೆಯಲ್ಲಿ ತಂದ ಗುಲಾಮರು. ಆ ದ್ವೀಪಗಳಲ್ಲಿ ಯಾವ ದೇಶದ ಧ್ವಜ ಹಾರಬೇಕೆಂಬುದಕ್ಕೆ ಯುದ್ಧಗಳೇ ನಡೆದವು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸು ಕೆನಡದಂಥ ವಿಸ್ತಾರವಾದ ನಾಡನ್ನು ಬಿಟ್ಟುಕೊಟ್ಟು, ಗ್ವಾಡಲೂಪ್ ಎಂಬ ಸಕ್ಕರೆಯ ಪುಟ್ಟ ದ್ವೀಪವನ್ನು ಉಳಿಸಿಕೊಂಡಿತು. ಸಕ್ಕರೆಯ ಮೇಲೆ ಧ್ವಜ ನೆಡುವ ಮಿಠಾಯಿಗಾರನಿಗೆ ಗೊತ್ತಿತ್ತೋ ಇಲ್ಲವೋ, ಆ ಸಕ್ಕರೆ ಬೆಳೆದದ್ದೇ ಧ್ವಜಗಳ ನೆರಳಿನಲ್ಲಿ, ಮನುಷ್ಯರ ಬೆನ್ನಿನ ಮೇಲೆ.

1791ರಲ್ಲಿ ವಿಲಿಯಂ ಫಾಕ್ಸ್ ಎಂಬಾತ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಡಿರೆಂದು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಸಾವಿರಾರು ಮನೆಗಳಲ್ಲಿ ಅದನ್ನು ಬಿಟ್ಟರು. ಮುಂದೆ 1820ರ ದಶಕದಲ್ಲಿ, ಇದು ಗುಲಾಮರು ಬೆಳೆಯದ ಈಸ್ಟ್ ಇಂಡಿಯಾ ಸಕ್ಕರೆ ಎಂದು ಬರೆದ ಬಟ್ಟಲುಗಳೂ ಅಲ್ಲಿ ಮಾರಾಟವಾದವು. ಶರ್ಕರೆಯ ತವರಿನ ಹೆಸರು ಹೀಗೆ ಮತ್ತೆ ಮೇಜಿಗೆ ಬಂತು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ತೆಗೆಯುವ ಶಾಸನವಾದದ್ದು 1833ರಲ್ಲಿ. ಲಾಂಛನಕ್ಕೆ ಅವಮಾನವಾಯಿತೇ ಎಂದು ಕೇಳುವವರು, ಆ ಲಾಂಛನದ ಹೆಸರಿನಲ್ಲಿ ಮನುಷ್ಯರಿಗೆ ಏನಾಯಿತೆಂಬುದನ್ನೂ ಕೇಳಬೇಕು ಎಂಬ ಪಾಠ ಈ ಅಧ್ಯಾಯದಲ್ಲಿದೆ.

ಬಣ್ಣಗಳ ಕತೆಯೂ ಚಿಕ್ಕದಲ್ಲ. ಮಧ್ಯಯುಗದ ಅಡಿಗೆಯವರು ಹಳದಿಗೆ ಕೇಸರಿಯನ್ನೂ, ಹಸಿರಿಗೆ ಸೊಪ್ಪಿನ ರಸವನ್ನೂ, ಕೆಂಪಿಗೆ ನಮ್ಮ ದಕ್ಷಿಣದ ಬೆಟ್ಟಗಳ ರಕ್ತಚಂದನವನ್ನೂ ಬಳಸುತ್ತಿದ್ದರು. ಕೈಗಾರಿಕೆಯ ಕಾಲದಲ್ಲಿ ಅಗ್ಗದ ಖನಿಜ ಬಣ್ಣಗಳು ಬಂದವು. 1820ರಲ್ಲಿ ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ಅಕ್ಕುಮ್, ಮಕ್ಕಳು ತಿನ್ನುವ ಮಿಠಾಯಿಯ ಕೆಂಪಿನಲ್ಲಿ ಸೀಸವೂ ಹಸಿರಿನಲ್ಲಿ ತಾಮ್ರವೂ ಇವೆಯೆಂದು ಬಯಲಿಗೆಳೆದನು. ಹಸಿರು ಪಟ್ಟಿಯ ಬಾವುಟವೊಂದನ್ನು ಆಗ ಸಕ್ಕರೆಯಲ್ಲಿ ಮಾಡಿ ತಿಂದಿದ್ದರೆ ಅಪಾಯ ಬಾವುಟದ ಮಾನಕ್ಕಲ್ಲ, ತಿಂದವರ ಪ್ರಾಣಕ್ಕೆ! ಈ ಎಚ್ಚರ ಇಂದಿಗೂ ಬೇಕು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದನ್ನು ವಾಚಕರು ಬಲ್ಲರು.

ಕೇಕಿನ ಮೇಲೆ ರಾಜ್ಯ

ಹತ್ತೊಂಬತ್ತನೆಯ ಶತಮಾನದಲ್ಲಿ ಲಾಂಛನಗಳು ಔತಣದ ಮೇಜಿನಿಂದ ಇಳಿದು ಕೇಕಿನ ಮೇಲೆ ನೆಲೆಸಿದವು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ಮಾಡಿದ ಕೇಕು ಸುಮಾರು 300 ಪೌಂಡು ತೂಗಿತು. ಅದರ ತುದಿಯಲ್ಲಿ ಬ್ರಿಟನ್ ದೇಶದ ಅಧಿದೇವತೆಯಾದ ಬ್ರಿಟಾನಿಯ ನಿಂತು ವಧೂವರರನ್ನು ಹರಸುತ್ತಿದ್ದಳು. ರಾಷ್ಟ್ರವೇ ಒಂದಡಿ ಎತ್ತರದ ಗೊಂಬೆಯಾಗಿ ಕೇಕಿನ ಮೇಲೆ ಏರಿತ್ತು.

ಎರಡನೆಯ ಮಹಾಯುದ್ಧದಲ್ಲಿ ಅದೇ ದೇಶ ಸಕ್ಕರೆಯ ಅಲಂಕಾರವನ್ನೇ ನಿಷೇಧಿಸಬೇಕಾಯಿತು. 1940ರ ಆಗಸ್ಟಿನಿಂದ ಕೇಕಿನ ಹೊರಮೈಗೆ ಸಕ್ಕರೆ ಹಚ್ಚುವಂತಿರಲಿಲ್ಲ. ಮದುವೆಗಳಿಗೆ ರಟ್ಟಿನಿಂದಲೋ ಸುಣ್ಣದ ಗಾರೆಯಿಂದಲೋ ಮಾಡಿದ ಹುಸಿ ಕೇಕನ್ನು ಬಾಡಿಗೆಗೆ ತಂದು, ಅದರ ಅಡಿಯಲ್ಲಿ ಸಣ್ಣದೊಂದು ನಿಜವಾದ ಕೇಕನ್ನು ಅಡಗಿಸಿ ಇಡುತ್ತಿದ್ದರು. 1947ರ ನವೆಂಬರಿನಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗಲೂ ಸಕ್ಕರೆಗೆ ಪಡಿತರವಿತ್ತು. ಒಂಬತ್ತಡಿ ಎತ್ತರದ, ನಾಲ್ಕು ಅಂತಸ್ತುಗಳ ಆ ಕೇಕಿಗೆ ಸಾಮಗ್ರಿಗಳು ಆಸ್ಟ್ರೇಲಿಯದಿಂದಲೂ ಬಂದವು. ಅದನ್ನು ಹತ್ತು ಸಾವಿರ ಮೈಲಿಯ ಕೇಕು ಎಂದೇ ಕರೆದರು. ಮೈಮೇಲೆಲ್ಲ ಎರಡು ಮನೆತನಗಳ ಲಾಂಛನಗಳು, ಸೇನೆಯ ದಳಗಳ ಗುರುತುಗಳು. ಸೇನೆಯ ಚಿಹ್ನೆಗೆ ಚಾಕು ಹಾಕಿದರೆಂದು ಯಾವ ಸೇನಾನಿಯೂ ದೂರಿಟ್ಟಂತೆ ಕಾಣಲಿಲ್ಲ. ಅದೇ ವರ್ಷದ ಜುಲೈ 22ರಂದು ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆ ತ್ರಿವರ್ಣ ಧ್ವಜವನ್ನು ಅಂಗೀಕರಿಸಿತ್ತು.

ಇನ್ನು ಫಾಂಡೆಂಟ್. ಫ್ರೆಂಚ್ ಭಾಷೆಯಲ್ಲಿ ಈ ಮಾತಿಗೆ ಕರಗುವಂಥದು ಎಂದು ಅರ್ಥ. ಸಕ್ಕರೆಯ ಪಾಕವನ್ನು ಸುಮಾರು 115 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಲುಗಿಸದೆ ಉಗುರುಬೆಚ್ಚಗಾಗುವ ತನಕ ಆರಿಸಿ, ಆಮೇಲೆ ಒಂದೇ ಸಮನೆ ತಿಕ್ಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಬೆಣ್ಣೆಯಂಥ ಬಿಳಿಯ ಮುದ್ದೆಯಾಗುತ್ತದೆ. ನಮ್ಮ ಗೃಹಿಣಿಯರು ಇದನ್ನು ಓದಿ ನಗಬಹುದು. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಸೋಸಿ, ಸ್ವಲ್ಪ ಸ್ವಲ್ಪವೇ ಮತ್ತೆ ಕಾಯಿಸಿ, ಬೆಳ್ಳಗಾಗುವ ತನಕ ತಿರುವಿ, ನೀರಿನಲ್ಲಿ ನೆನೆಸಿದ ಮರದ ಅಚ್ಚಿಗೆ ಹೊಯ್ಯುವ ಸಕ್ಕರೆ ಅಚ್ಚಿನ ಕೆಲಸದಲ್ಲಿಯೂ ಇರುವುದು ಇದೇ ತತ್ತ್ವ. ಒಂದರಲ್ಲಿ ಹರಳು ನುಣುಪು, ಇನ್ನೊಂದರಲ್ಲಿ ಗಟ್ಟಿ, ಅಷ್ಟೇ ಭೇದ.

ಕೇಕಿಗೆ ಹೊದಿಸುವ ಇಂದಿನ ಫಾಂಡೆಂಟ್ ಸಕ್ಕರೆಯ ಪುಡಿ, ಗ್ಲೂಕೋಸ್, ಜೆಲಟಿನ್, ಗ್ಲಿಸರಿನ್ ಸೇರಿಸಿ ನಾದಿದ ಕಣಕ. ಗ್ಲಿಸರಿನ್ ಇರುವುದರಿಂದ ಅದು ಮೆದುವಾಗಿಯೇ ಉಳಿಯುತ್ತದೆ. ಆದ್ದರಿಂದ ಬಾವುಟ ಮಾಡುವವರು ಅದಕ್ಕೆ ಹಳೆಯ ಟ್ರಗಕಾಂತ್ ಅಂಟನ್ನೋ ಅದರ ಇಂದಿನ ಬದಲಿಯನ್ನೋ ಬೆರೆಸುತ್ತಾರೆ. ಮೂರು ಬಣ್ಣದ ಪಟ್ಟಿಗಳನ್ನು ತೆಳ್ಳಗೆ ಲಟ್ಟಿಸಿ, ಅಂಚುಗಳನ್ನು ನೀರಿನಿಂದ ಕೂಡಿಸಿ, ಉದ್ದಕ್ಕೆ ಮೂರು ಪಾಲು ಅಗಲಕ್ಕೆ ಎರಡು ಪಾಲು ಬರುವಂತೆ ಕತ್ತರಿಸಿ, ಸಾಲಾಗಿ ಇಟ್ಟ ಕಡ್ಡಿಗಳ ಮೇಲೆ ಹಾಸಿದರೆ ಗಾಳಿಗೆ ಅಲೆಯೆದ್ದಂತೆ ಬಾಗುತ್ತದೆ. ಒಂದೆರಡು ದಿನ ಒಣಗಬೇಕು. ಹೆಬ್ಬೆರಳಗಲದ ಬಿಳಿಯ ಪಟ್ಟಿಯಲ್ಲಿ ಇಪ್ಪತ್ನಾಲ್ಕು ಅರಗಳ ನೀಲಚಕ್ರವನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಆಗಸ್ಟ್ ತಿಂಗಳ ಮಂಗಳೂರಿನ ಹವೆಯಲ್ಲಿ, ಸಕ್ಕರೆ ತೇವವನ್ನು ಹೀರಿ, ಹಾರಬೇಕಾದ ಬಾವುಟ ತಲೆಬಾಗುವುದೂ ಉಂಟು. ಇಷ್ಟು ಪಾಡುಪಟ್ಟು ಅರಗಳನ್ನು ಎಣಿಸಿ ಬರೆಯುವವನ ಮನಸ್ಸಿನಲ್ಲಿ ಅವಮಾನದ ಉದ್ದೇಶವನ್ನು ಹುಡುಕುವುದು ಹೇಗೆ?

ಕಡೆಯ ತುತ್ತು

ಮದರಾಸು ಉಚ್ಚ ನ್ಯಾಯಾಲಯವೂ 2021ರ ಮಾರ್ಚಿನಲ್ಲಿ ಹೆಚ್ಚುಕಡಮೆ ಇದನ್ನೇ ಕೇಳಿತು. ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು ಮೊಕದ್ದಮೆಯನ್ನು ವಜಾ ಮಾಡಿದರು. ದೇಶಪ್ರೇಮವನ್ನು ಹೊರಗಿನ ಕ್ರಿಯೆಯೊಂದರಿಂದ ಅಳೆಯಲಾಗದು, ಅದರ ಹಿಂದಿನ ಉದ್ದೇಶವೇ ಒರೆಗಲ್ಲು ಎಂಬುದು ತೀರ್ಪಿನ ಸಾರ. ರಾಷ್ಟ್ರೀಯ ಹಬ್ಬಗಳಲ್ಲಿ ಎದೆಗೆ ಸಿಕ್ಕಿಸಿಕೊಂಡ ಕಾಗದದ ಬಾವುಟವನ್ನು ಜನ ಮನೆಗೆ ಹೋಗುವಾಗ ಬಿಸಾಡಿ ಹೋಗುತ್ತಾರೆ. ಅವರೆಲ್ಲರೂ ಧ್ವಜವನ್ನು ಅವಮಾನಿಸಿದವರೇ? ಸಮಾರಂಭದಿಂದ ಹೊರಟವರಲ್ಲಿ ಹೆಮ್ಮೆ ಮೂಡಿತ್ತೇ ತಾತ್ಸಾರ ಮೂಡಿತ್ತೇ ಎಂಬುದನ್ನು ನೋಡಬೇಕಲ್ಲವೇ? ಹೀಗೆ ಕೇಳಿ ಅವರು ತೀರ್ಪಿತ್ತರು. ಒಂದು ಕೇಕಿನ ತುಂಡಿಗಾಗಿ ಏಳು ವರ್ಷಕ್ಕೂ ಮಿಕ್ಕಿ ಎಳೆದ ಮಾತು ಅಲ್ಲಿಗೆ ಮುಗಿಯಿತು.

ಹಾಗೆಂದು ಕಾನೂನು ವ್ಯರ್ಥವೆಂದಲ್ಲ. 2005ರ ತಿದ್ದುಪಡಿ ಧ್ವಜವನ್ನು ಕರವಸ್ತ್ರ, ದಿಂಬುಗಳ ಮೇಲೆ ಅಚ್ಚುಹಾಕುವುದನ್ನು ತಡೆಯಿತು, ಅದು ಸರಿಯೇ. ವೆನಿಸ್ಸಿನ ಸಕ್ಕರೆಯ ಕೈವಸ್ತ್ರ ಬೇರೆ, ಮೂಗೊರಸುವ ವಸ್ತ್ರ ಬೇರೆ. ಬಟ್ಟೆಯ ಧ್ವಜಕ್ಕೆ ಅದರದೇ ಘನತೆಯುಂಟು. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜಗಳನ್ನು ನೂಲಿನ ಎಳೆಯೆಳೆಯನ್ನೂ ಪರೀಕ್ಷಿಸಿ ಸಿದ್ಧಮಾಡುವ ಶ್ರದ್ಧೆಯನ್ನು ಕಂಡವರಿಗೆ ಇದು ಗೊತ್ತು. ಆದರೆ ಆ ಧ್ವಜಕ್ಕೂ ಒಂದು ಕೊನೆಯಿದೆ. ಹರಿದ ಬಾವುಟವನ್ನು ಬೀದಿಗೆ ಬಿಡದೆ, ಏಕಾಂತದಲ್ಲಿ, ಗೌರವದಿಂದ ದಹಿಸಬೇಕೆಂದು 2002ರ ಧ್ವಜಸಂಹಿತೆಯೇ ವಿಧಿಸುತ್ತದೆ. ಬಾವುಟ ಇಲ್ಲವಾಗುವುದು ಅವಮಾನವಲ್ಲ. ಹೇಗೆ ಇಲ್ಲವಾಯಿತೆಂಬುದು ಮುಖ್ಯ.

ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಬಣ್ಣದ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿ, ಗೌರಿಗೆ ಸಕ್ಕರೆ ಆರತಿ ಬೆಳಗುತ್ತಾರೆ. ಬೆಳಗುವಾಗ ಅದು ಪೂಜೆ. ಬೆಳಗಿದ ಮೇಲೆ ಅದು ಪ್ರಸಾದ. ಮುರಿದು ಹಂಚುವುದರಿಂದ ಪೂಜೆಗೆ ಕುಂದಾಗುವುದಿಲ್ಲ. ಹಂಚದೆ ಉಳಿಸಿಕೊಂಡರೆ ಇರುವೆಗಳ ಪಾಲಾಗುತ್ತದೆ. ಸಕ್ಕರೆಯ ಬಾವುಟದ ಧರ್ಮವೂ ಇಷ್ಟೇ. ಅದನ್ನು ಶ್ರದ್ಧೆಯಿಂದ ಮಾಡಬೇಕು, ಎಲ್ಲರಿಗೂ ಒಂದೊಂದು ಚೂರು ಬರುವಂತೆ ಮುರಿಯಬೇಕು. ಚೂರು ಸಿಕ್ಕದೆ ಬಾಗಿಲಲ್ಲಿ ನಿಂತ ಮಗುವೊಂದಿದ್ದರೆ, ಬಾವುಟಕ್ಕೆ ಆದ ಅವಮಾನ ಅದೇ.